ದ್ಯಾಮಣ್ಣನ ವಾಟಗ

ಗುರುಪಾದನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಗಾಜಿನ ಗ್ಲಾಸಿನಲ್ಲಿ ಚಹಾ ಕುಡಿದದ್ದಕ್ಕೆ ದ್ಯಾಮಣ್ಣನ ಮುಂದಿನ ಎರಡು ಹಲ್ಲು ಮುರಿದರು. ಅದು ೧೯೯೭ರ ಶ್ರಾವಣದ ಒಂದು ಸೋಮವಾರ. ಮುರಿದವರು ನಾಲ್ಕು ಜನ. ಗ್ಲಾಸಿನಲ್ಲಿ ಚಹಾ ಇನ್ನೂ ಅರ್ಧ ಉಳಿದಿತ್ತು.

ಧಾರವಾಡದಿಂದ ಹೊರಟು ಅಮ್ಮಿನಬಾವಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನ ಬಸ್ ನಿಲ್ದಾಣದೆದುರು ಆ ಅಂಗಡಿ. ತಗಡಿನ ಚಪ್ಪರ, ಎರಡು ಬೆಂಚು, ಮಿರ್ಚಿ ಭಜಿಯ ಬಾಣಲೆ, ಗಿರಮಿಟ್ಟಿಗೆಂದು ಚುರುಮುರಿ ತುಂಬಿದ ಬುಟ್ಟಿ. ಹೊರಗೆ, ಮೂಲೆಯ ಕಂಬದಲ್ಲಿ ಆರು ಮೊಳೆ. ಆರು ಮೊಳೆಗೆ ಆರು ಅಲ್ಯುಮಿನಿಯಂ ಲೋಟ. ಊರ ಮಾತಿನಲ್ಲಿ ವಾಟಗ. ಅವು ಕೆಳಗಿನ ಕೇರಿಯವರವು. ಕೇರಿಯವನು ಬಂದರೆ ತನ್ನ ವಾಟಗ ತಾನೇ ಇಳಿಸಿ ನೆಲದ ಮೇಲಿಟ್ಟು ಹಿಂದೆ ಸರಿಯಬೇಕು. ಗುರುಪಾದ ಮೇಲಿನಿಂದ ಚಹಾ ಹೊಯ್ಯುತ್ತಾನೆ. ನೆಲದ ಮೇಲೆ ಕುಳಿತು ಕುಡಿದು, ತಾನೇ ತೊಳೆದು, ತಿರುಗಿ ಮೊಳೆಗೆ ಹಾಕಬೇಕು. ದ್ಯಾಮಣ್ಣನ ವಾಟಗದ ಅಂಚಿಗೆ ಗುರುತಿಗೆಂದು ಮೂರು ಚುಕ್ಕಿ ಇದ್ದವು. ಅವನ ಅಪ್ಪ ಹೊಡೆದದ್ದು. ಅಪ್ಪ ಸತ್ತಾಗ ಮಗನಿಗೆ ಬಂದ ಆಸ್ತಿ ಅದೊಂದೇ.

ದ್ಯಾಮಣ್ಣ ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಹತ್ತಿ ಗಿರಣಿಯೊಂದರಲ್ಲಿ ಅಂಡಿಗೆ, ಅಂದರೆ ಹತ್ತಿಮೂಟೆ, ಹೊರುತ್ತಿದ್ದ. ಹುಬ್ಬಳ್ಳಿಯಲ್ಲಿ ಅವನು ಯಾರ ಮಗನೆಂದು ಯಾರೂ ಕೇಳುತ್ತಿರಲಿಲ್ಲ. ದೇಶಪಾಂಡೆ ನಗರದ ಹೊಟೇಲಿನಲ್ಲಿ ಕಲ್ಲಿನ ಮೇಜಿಗೆ ಮೊಳಕೈ ಊರಿ, ಗ್ಲಾಸಿನಲ್ಲಿ ಚಹಾ ಕುಡಿದು, ಬಾಯಿ ಒರೆಸಿಕೊಂಡು ಎದ್ದುಬರುತ್ತಿದ್ದ. ಗ್ಲಾಸನ್ನು ಬೇರೆ ಯಾರೋ ತೊಳೆಯುತ್ತಿದ್ದರು. ಅದನ್ನೇ ಅವನು ತನ್ನ ಊರಿನಲ್ಲಿ ಕೇಳಿದ. ಬೆಂಚು, ಗ್ಲಾಸು, ತೊಳೆಯದೆ ಎದ್ದುಬರುವುದು. ಅಷ್ಟೇ.

ಹಲ್ಲು ಹೋದ ಮೇಲೆ ಪೊಲೀಸರು ಬರೆದುಕೊಂಡರು, ಹಿರಿಯರು ಕೂತರು, ಎರಡು ವರ್ಷ ಎಳೆದಾಡಿ ರಾಜಿ ಮಾಡಿಸಿದರು. ಇನ್ನು ಮೇಲೆ ಎಲ್ಲರಿಗೂ ಪ್ಲಾಸ್ಟಿಕ್ ಕಪ್ಪು. ಕುಡಿ, ಒಗೆ. ಯಾರ ಎಂಜಲು ಯಾರಿಗೂ ಇಲ್ಲ. ಬೆಂಚಿನ ಮಾತನ್ನು ರಾಜಿಯಲ್ಲಿ ಯಾರೂ ಎತ್ತಲಿಲ್ಲ. ಕೇರಿಯವರು ಹೊರಗೆ ನಿಂತೇ ಕುಡಿದರು. ವಾಟಗಗಳನ್ನೂ ಗುರುಪಾದ ಇಳಿಸಲಿಲ್ಲ.

"ಇರ್ಲಿ ಬಿಡ್ರಿ, ಅವೇನ್ ಅನ್ನಾ ಬೇಡತಾವೇನು?" ಎಂದ.

ದ್ಯಾಮಣ್ಣನ ಹೆಂಡತಿ ರೇಣವ್ವ ಗುರುಪಾದನ ಅಣ್ಣನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅವಳೇ ಗಂಡನನ್ನು ಚುಚ್ಚಿದಳು: "ಎರಡ ಹಲ್ಲ ಕೊಟ್ಟು ಒಂದ ಪ್ಲಾಸ್ಟಿಕ್ ಕಪ್ಪ ತಂದಿ. ದವಡಿ ಕೊಟ್ಟಿದ್ರ ಬೆಂಚ ಸಿಗತಿತ್ತೋ ಏನೋ."

೨೦೦೧ರ ಜನವರಿಯಲ್ಲಿ ಅಂಗಡಿಯ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಇಳಿದವಳು ಇಂಗ್ರಿಡ್ ಎಂಬ ಜರ್ಮನ್ ಹೆಂಗಸು, ಅವಳ ಹಿಂದೆ ಧಾರವಾಡದ ಗೋವಿಂದಪ್ಪ. ಇಂಗ್ಲಿಷ್ ಬಲ್ಲವನು; ಪರದೇಶದವರಿಗೆ ಊರು ತೋರಿಸುವುದು ಅವನ ಕಸುಬು. ಇಂಗ್ರಿಡ್ ದೇಶ ದೇಶ ತಿರುಗಿ ಬಡವರು ತಿನ್ನುವಲ್ಲಿ ತಿಂದು ಅದನ್ನು ಪುಸ್ತಕ ಮಾಡುವವಳು. ಬ್ಯಾಂಕಾಕಿನ ದೋಣಿಯಂಗಡಿಯಲ್ಲಿ ತಿಂದಿದ್ದಳು, ಇಸ್ತಾಂಬೂಲಿನ ಸೇತುವೆಯ ಕೆಳಗೆ ಮೀನು ತಿಂದಿದ್ದಳು. ದೊಡ್ಡ ಹೊಟೇಲು ಅವಳಿಗೆ ಆಗದು. ಹುಬ್ಬಳ್ಳಿಯ ಖಾನಾವಳಿಯಲ್ಲಿ ಹಿಂದಿನ ದಿನ ಎಣ್ಣೆಗಾಯಿ ತಿಂದು ಕಣ್ಣಲ್ಲಿ ನೀರು ಹಾಕಿ, ಇನ್ನೊಂದು ರೊಟ್ಟಿ ಕೇಳಿದ್ದಳಂತೆ.

ಅವಳು ಬೆಂಚಿನ ಮೇಲೆ ಕುಳಿತು ಗಿರಮಿಟ್ಟನ್ನು ಬೆರಳಲ್ಲೇ ತಿಂದಳು. ಮೆಣಸಿನಕಾಯಿ ಕಚ್ಚಿ ಹಾ ಹಾ ಎಂದು ಬಾಯಿಗೆ ಗಾಳಿ ಹಾಕಿಕೊಂಡಳು. ಊರು ನಕ್ಕಿತು. ಗುರುಪಾದ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ತಂದಾಗ ಮುಖ ಕಿವುಚಿ, ಕಂಬದ ಕಡೆ ಬೆರಳು ತೋರಿಸಿದಳು. ಅವು ಏನು?

"ಅಯ್ಯ, ಅವ ಬ್ಯಾಡ್ರಿ! ಗೋವಿಂದಪ್ಪ, ಹೇಳ್ರಿ ಆಕಿಗೆ, ಅವ ಹೊಲಸ ಅದಾವ್ರಿ!" ಗುರುಪಾದ ಪ್ಲಾಸ್ಟಿಕ್ ಕಪ್ಪನ್ನೇ ಅವಳ ಮುಂದೆ ಹಿಡಿದ.

ಗೋವಿಂದಪ್ಪ ಕಂಬ ನೋಡಿದ, ಹೊರಗೆ ನಿಂತಿದ್ದ ದ್ಯಾಮಣ್ಣನನ್ನು ನೋಡಿದ, ಎಲ್ಲ ತಿಳಿದುಕೊಂಡ. ಆಮೇಲೆ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದ: ಇದು ನಮ್ಮ ಕಡೆಯ ಹಳೆಯ ಪದ್ಧತಿ. ಖಾಯಂ ಗಿರಾಕಿಗಳಿಗೆ ಅವರವರದೇ ಲೋಟ. ಬೇರೆಯವರು ಮುಟ್ಟುವುದಿಲ್ಲ.

ಇಂಗ್ರಿಡ್ ಕೈ ತಟ್ಟಿದಳು. ಅವಳ ಊರಿನ ಬೀರಿನಂಗಡಿಯಲ್ಲೂ ಹಾಗೆಯೇ ಅಂತೆ. ಹಳೆಯ ಗಿರಾಕಿಯ ಮಗ್ಗು ಗೋಡೆಗೆ ನೇತಾಡುತ್ತದೆ, ಅವಳ ಅಜ್ಜನದು ಇನ್ನೂ ಇದೆ. ಅವಳು ಎದ್ದು ಹೋಗಿ ಮೂರು ಚುಕ್ಕಿಯ ವಾಟಗವನ್ನೇ ಇಳಿಸಿದಳು. ಇದು ಯಾರದು ಎಂದು ಕೇಳಿದಳು. ದ್ಯಾಮಣ್ಣ ಕೈ ಎತ್ತಿದ. ಅವಳು ತಲೆಬಾಗಿಸಿ ಅಪ್ಪಣೆ ಪಡೆದು, ಬೆಂಚಿಗೆ ಮರಳಿ ಅದರಲ್ಲೇ ಚಹಾ ಕುಡಿದಳು.

ಊರೆಲ್ಲ ನೋಡಿತು. ಆಕಾಶ ಬೀಳಲಿಲ್ಲ.

ದ್ಯಾಮಣ್ಣ ಗೋವಿಂದಪ್ಪನ ಹತ್ತಿರ ಸರಿದ. "ಖರೇ ಹೇಳ್ರಿ ಆಕಿಗೆ. ಇದು ಮರ್ಯಾದಿ ಅಲ್ಲ, ಮೈಲಿಗಿ ಅಂತ ಹೇಳ್ರಿ."

"ಸುಮ್ನಿರೋ ಮಾರಾಯಾ. ಪರದೇಶದವ್ರ ಮುಂದ ನಮ್ಮ ಮಾನಾ ನಾವ ಕಳಕೋಬೇಕೇನು?"

"ನಮ್ಮ ಅಂದ್ರ ಯಾರದ್ರಿ?"

ಗೋವಿಂದಪ್ಪ ಮುಖ ತಿರುಗಿಸಿ ಕಾರಿನ ಕಡೆ ಹೆಜ್ಜೆ ಹಾಕಿದ. ತಾನೇ ಹೇಳಬೇಕೆಂದರೆ ದ್ಯಾಮಣ್ಣನಿಗೆ ಇಂಗ್ಲಿಷ್ ಬಾರದು. ಅವನು ಇಂಗ್ರಿಡ್‌ಳ ಎದುರು ಹೋಗಿ ನಿಂತ. ಬೆರಳಿನಿಂದ ಮೇಲ್ದುಟಿ ಎತ್ತಿ ಹಲ್ಲು ಹೋದ ಸಂದು ತೋರಿಸಿದ. ಬೆಂಚನ್ನು ತೋರಿಸಿದ, ಮೂಲೆಗೆ ಬಿದ್ದಿದ್ದ ಹಳೆಯ ಗಾಜಿನ ಗ್ಲಾಸನ್ನು ತೋರಿಸಿದ, ಮತ್ತೆ ಸಂದು ತೋರಿಸಿದ. ಇಂಗ್ರಿಡ್ ನಕ್ಕಳು. ಅವನೂ ನಗುತ್ತಿದ್ದಾನೆ ಎಂದುಕೊಂಡು ಕ್ಯಾಮೆರಾ ಎತ್ತಿ ಫೋಟೋ ಹೊಡೆದಳು. ವಾಟಗ ತಾನೇ ತೊಳೆದು ಮೊಳೆಗೆ ಹಾಕಿ ಕಾರು ಹತ್ತಿದಳು.

ಕಾರಿನ ಧೂಳು ಅಡಗುವ ಮೊದಲೇ ಗುರುಪಾದ ಅವಳು ಕುಳಿತ ಬೆಂಚಿಗೆ ಎರಡು ಕೊಡ ನೀರು ಸುರಿದ.

ಎರಡು ವರ್ಷಕ್ಕೆ ಪುಸ್ತಕ ಬಂತು. ಗೋವಿಂದಪ್ಪನೇ ತಂದುಕೊಟ್ಟ. ಇಡೀ ಒಂದು ಪುಟಕ್ಕೆ ದ್ಯಾಮಣ್ಣನ ಬಾಯಿ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಗೋವಿಂದಪ್ಪ ಕನ್ನಡ ಮಾಡಿ ಓದಿದ: "ಇಲ್ಲಿ ಪ್ರತಿಯೊಬ್ಬ ಹಳೆಯ ಗಿರಾಕಿಗೂ ಅವನದೇ ಲೋಟವಿದೆ. ಹೊರಗಿನವರಿಗೆ ಸುಲಭಕ್ಕೆ ಸಿಗದ ಗೌರವ ಇದು. ಪ್ಲಾಸ್ಟಿಕ್ ಕಪ್ಪು ನಿರಾಕರಿಸಿ, ಲೋಟವನ್ನೇ ಕೇಳಿ."

ಜನ ಬಂದು ಕೇಳಿದರು. ಮೊದಲು ಬೆನ್ನಿಗೆ ಚೀಲ ಹೊತ್ತ ಬಿಳಿಯರು, ಆಮೇಲೆ ಧಾರವಾಡದ ಕಾಲೇಜಿನ ಹುಡುಗರು, ಆಮೇಲೆ ಭಾನುವಾರಕ್ಕೊಮ್ಮೆ ಹುಬ್ಬಳ್ಳಿಯ ಕಾರಿನವರು. ಗುರುಪಾದ ಹೊಸ ವಾಟಗ ಮಾಡಿಸಿ, ಹಳೆಯದರಂತೆ ಕಾಣಲೆಂದು ಕಲ್ಲಿನಿಂದ ಜಜ್ಜಿಸಿದ. ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಬೆಂಚು ತೊಳೆಯುವುದು ನಿಂತಿತು. ಪ್ಲಾಸ್ಟಿಕ್ ಕಪ್ಪೂ ನಿಂತಿತು. ಬಂದವರ ವಾಟಗ ಅಂಗಡಿಯ ಒಳಗೆ. ಅದನ್ನು ತೊಳೆಯಲು ಆಳು. ಕೇರಿಯವರದು ಹೊರಗೆ, ಅದೇ ಕಂಬಕ್ಕೆ, ಅದೇ ಆರು ಮೊಳೆಗೆ. ತೊಳೆಯುವವರು ಅವರೇ.

"ಮತ್ತ ವಾಟಗ ತಂದಿಟ್ರೇನ್ರಿ?" ಎಂದು ದ್ಯಾಮಣ್ಣ ಕೇಳಿದ.

"ಯಾಕಪಾ, ಬಿಳಿ ಮಂದಿ ಕುಡೀತಾರ, ಕಾರ್‌ನ್ಯಾಗ ಬಂದಾವ್ರು ಕುಡೀತಾರ, ನಿನಗೇನ್ ಬ್ಯಾನಿ? ಎಲ್ಲಾರೂ ಸಮಾ ಆಗ್ಬೇಕು ಅಂತಿದ್ದಿಲ್ಲೋ? ಆದ್ರು ನೋಡು."

"ಹಂಗಾರ ನಂದೂ ಒಳಗ ಇಡ್ರಿ. ಅವರ್ದು ತೊಳದಂಗ ನಂದೂ ತೊಳಸ್ರಿ."

ಗುರುಪಾದ ಬಾಣಲೆಯಲ್ಲಿನ ಭಜಿ ತಿರುವಿಹಾಕಿದ. "ನಿಂದು ಹೊರಗಿದ್ರನ ಛಂದೋ. ಪುಸ್ತಕದಾಗ ಹಂಗ ಐತಿ."

ದ್ಯಾಮಣ್ಣ ಧಾರವಾಡಕ್ಕೆ ಹೋಗಿ ಒಬ್ಬ ಅಧಿಕಾರಿಯೆದುರು ಅರ್ಜಿ ಇಟ್ಟ. ಅಧಿಕಾರಿ ಓದಿ, ಕನ್ನಡಕ ತೆಗೆದು, ಅವನ ಮುಖ ನೋಡಿ, "ಅರೆ, ಫೋಟೋದಾವ ನೀನ ಅಲ್ಲೇನು?" ಎಂದ. ಕಳೆದ ವಾರವಷ್ಟೇ ಹೆಂಡತಿ ಮಕ್ಕಳನ್ನು ಕರಕೊಂಡು ಹೋಗಿ ಕುಡಿದುಬಂದಿದ್ದನಂತೆ. "ನಾನೂ ಅದರಾಗನ ಕುಡದೇನಿ. ಇದ್ರಾಗ ಅಸ್ಪೃಶ್ಯತೆ ಎಲ್ಲೈತಪಾ?" ಅರ್ಜಿ ಹಾಗೆಯೇ ಮೇಜಿನ ಮೇಲೆ ಉಳಿಯಿತು. ಅಂದಿನಿಂದ ದ್ಯಾಮಣ್ಣ ಊರಿನಲ್ಲಿ ಚಹಾ ಬಿಟ್ಟ.

೨೦೦೬ರಲ್ಲಿ ಇಂಗ್ರಿಡ್ ಮತ್ತೆ ಬಂದಳು, ಈ ಸಲ ಟೀವಿಗೆಂದು ವಿಡಿಯೋ ಕ್ಯಾಮೆರಾದವರ ಜೊತೆ. ಗುರುಪಾದ ಕೇರಿಗೆ ಆಳು ಕಳಿಸಿದ. ದ್ಯಾಮಣ್ಣ ಬರುವುದಿಲ್ಲ ಎಂದ. ಎರಡನೇ ಸಲ ಆಳು ರೇಣವ್ವನಿಗೆ ಹೇಳಿದ: "ಗಂಡನ್ನ ಕಳಸು. ಇಲ್ಲಾಂದ್ರ ನಾಳಿಂದ ಹೊಲಕ್ಕ ಬರಬ್ಯಾಡ ಅಂದಾರ."

ರೇಣವ್ವ ಗಂಡನ ಅಂಗಿ ಗೂಟದಿಂದ ತೆಗೆದು ಅವನ ಮುಂದಿಟ್ಟಳು.

ಅಂಗಡಿಯ ಮುಂದೆ ಜನ ನೆರೆದಿತ್ತು. ಇಂಗ್ರಿಡ್ ಹಳೆಯ ಗೆಳೆಯ ಸಿಕ್ಕಂತೆ ಅವನ ಕೈ ಹಿಡಿದು ಕುಲುಕಿದಳು. ದ್ಯಾಮಣ್ಣ ಆ ಕೈ ಬಿಡದೆ, ಅವಳ ಜೊತೆ ಬಂದಿದ್ದ ಗೋವಿಂದಪ್ಪನ ಕಡೆ ತಿರುಗಿದ.

"ಈಗರ ಹೇಳ್ರಿ. ನನ್ನ ಹಲ್ಲ ಯಾಕ ಹೋದ್ವು ಅಂತ ಇಷ್ಟ ಹೇಳ್ರಿ."

ಗೋವಿಂದಪ್ಪನ ತಲೆ ಹಣ್ಣಾಗಿತ್ತು. ಕಂಬದ ಮೇಲೆ ಹೋದ ಕಣ್ಣು ತಟ್ಟನೆ ಹಿಂದೆ ಬಂತು. "ಐದ ವರ್ಷದ ಸುಳ್ಳಪಾ ಇದು. ಈಗ ಹ್ಯಾಂಗ ತಗೀಲಿ?" ಎಂದ ಸಣ್ಣ ದನಿಯಲ್ಲಿ. ಆಮೇಲೆ ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಹೇಳಿದ್ದು ಬೇರೆಯೇ ಎಂದು ತಿಳಿಯಲು ದ್ಯಾಮಣ್ಣನಿಗೆ ಆ ಭಾಷೆ ಬೇಕಾಗಲಿಲ್ಲ.

ಗುರುಪಾದ ತಾನೇ ಮೂರು ಚುಕ್ಕಿಯ ವಾಟಗ ಇಳಿಸಿ ನೆಲದ ಮೇಲಿಟ್ಟ. ಮೇಲಿನಿಂದ ಚಹಾ ಹೊಯ್ದ. ಆವಿ ಎದ್ದಿತು.

"ಕುಂಡ್ರು. ಎತ್ತಿ ಕುಡಿ. ಆಮ್ಯಾಲೆ ಫೋಟೋದಾಗ ನಕ್ಕಂಗ ನಗು. ಹಲ್ಲಿನ ಸಂದಿ ಕಾಣಬೇಕ ನೋಡು."

ದ್ಯಾಮಣ್ಣ ನಿಂತೇ ಇದ್ದ.

"ನೀ ಒಲ್ಲೆಂದ್ರ ಅರ್ಜುನಪ್ಪ ಕುಂಡ್ರತಾನ."

ಅದೇ ಕೇರಿಯ ಅರ್ಜುನಪ್ಪ ಆಗಲೇ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಕಂಬದ ಹತ್ತಿರ ಕಾಯುತ್ತಿದ್ದ. ದ್ಯಾಮಣ್ಣನ ಕಣ್ಣು ತಾಗಿದೊಡನೆ ನೆಲ ನೋಡಿದ. "ನನ್ನ ಬೈಬ್ಯಾಡೋ ಅಣ್ಣಾ," ಎಂದ. "ಮನ್ಯಾಗ ನಾಕ ಬಾಯಿ ಅದಾವ."

ಜನರ ಹಿಂದೆ ರೇಣವ್ವ ನಿಂತಿದ್ದಳು, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿದುಕೊಂಡು. ನಾಳೆ ಅದಕ್ಕೆ ಕೆಲಸವಿದೆಯೋ ಇಲ್ಲವೋ ಎಂಬುದು ಈಗ ತೀರ್ಮಾನವಾಗಬೇಕಿತ್ತು. ಅವಳು ಬಾ ಎಂದೂ ಕಣ್ಣು ಮಾಡಲಿಲ್ಲ, ಕೂಡು ಎಂದೂ ಕಣ್ಣು ಮಾಡಲಿಲ್ಲ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಇಂಗ್ರಿಡ್ ಬೆಂಚಿನಿಂದ ಮುಂದೆ ಬಾಗಿ, ಅವನಿಗೆ ನೆನಪಿಸಲೆಂದು, ತನ್ನ ಬೆರಳಿನಿಂದ ತನ್ನ ಮೇಲ್ದುಟಿ ಎತ್ತಿ ತೋರಿಸಿದಳು. ಹೀಗೆ. ಅವತ್ತಿನ ಹಾಗೆ. ಅವಳ ಹಲ್ಲು ಎಲ್ಲವೂ ಇದ್ದವು.

"ತಗಿಯೋ ಬಾಯಿ," ಎಂದ ಗುರುಪಾದ.

"ತಗಿ ಅಂದ್ರ ತಗೀಬಾರದೇನೋ," ಎಂದರು ಹಿಂದಿನಿಂದ ಯಾರೋ.

ವಾಟಗದ ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು. ದ್ಯಾಮಣ್ಣ ಎರಡೂ ತುಟಿ ಒಂದರ ಮೇಲೊಂದು ಬಿಗಿದು ಒತ್ತಿ, ಕ್ಯಾಮೆರಾವನ್ನೇ ನೋಡುತ್ತ ನಿಂತ. ಬಾಯಿ ತೆರೆಯಲಿಲ್ಲ.