ನುಂಗಿದ ಉಸಿರು

ಕರೆಂಟ್ ಹೋದಾಗಲೆಲ್ಲ ನಾಗವೇಣಿಯ ಎದೆ ಧಸಕ್ಕೆನ್ನುತ್ತಿತ್ತು. ರಾಯದುರ್ಗದ ಆ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮೆಶಿನ್ನು. ಅವೆಲ್ಲ ಒಟ್ಟಿಗೆ ನಿಂತರೆ ಸಾಕು, ಒಳಕೋಣೆಯಿಂದ ಅತ್ತೆ ಗಂಗಕ್ಕನ ಎದೆಯ ಸಿಳ್ಳು ಕೇಳಿಸುತ್ತಿತ್ತು.

ಮಡಕಶಿರಾ ಕಡೆಯ ರೊಳ್ಳದಿಂದ ಹೊಲಿಗೆ ಕೆಲಸಕ್ಕೆಂದು ಬಂದ ಸಂಸಾರ ಅದು. ಕೂತಲ್ಲೇ ದಾರ ಕತ್ತರಿಸುತ್ತಿದ್ದ ಗಂಗಕ್ಕನಿಗೆ ನೀಲಿ ದೂಳು ಕುಡಿದು ಕುಡಿದು ಉಬ್ಬಸ ಹಿಡಿಯಿತು. ಓಣಿಯ ಡಾಕ್ಟರು ಸೂಜಿ ಚುಚ್ಚಿದರೆ ಹಾಯೆನಿಸುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆ ಕೈ ನಡುಗಿಸಿತು. ಬಳ್ಳಾರಿಯ ದೊಡ್ಡ ಆಸ್ಪತ್ರೆಯವರು ರಕ್ತ ನೋಡಿ, ಸಕ್ಕರೆ ಏರಿದೆ, ಇನ್ನು ಆ ಸೂಜಿ ಬೇಡ ಎಂದು ಕ್ಯಾಪ್ಸೂಲು ಬರೆದರು. ನಾಗವೇಣಿ ಔಷಧದ ಸಾಲಿನಲ್ಲಿದ್ದಾಗ ನರ್ಸು ಅವಳ ಗಂಡ ಗಿರೀಶನಿಗೆ ಏನೋ ತೋರಿಸಿದಳಂತೆ.

"ಬೆಳಿಗ್ಗೆ ಒಂದು, ಸಂಜೆ ಒಂದು" ಎಂದಿದ್ದ ಅವನು. "ಈ ಪ್ಲಾಸ್ಟಿಕ್ ಡಬ್ಬಿ ಉಸ್ರು ಎಳ್ಯಕ್ಕೆ."

ಗಂಗಕ್ಕ ಖಾಲಿ ಡಬ್ಬಿಯನ್ನು ಬಾಯಿಗಿಟ್ಟು ಉಸಿರೆಳೆದು ನೋಡಿ, "ಪೀಪಿ ಇದು, ಮಕ್ಳಿಗೆ ಕೊಡು" ಎಂದಳು. ಡಬ್ಬಿ ದೇವರ ಗೂಡು ಸೇರಿತು. ನಾಗವೇಣಿ ಹೊತ್ತು ತಪ್ಪಿಸದೆ ಬಿಸಿನೀರಲ್ಲಿ ಕ್ಯಾಪ್ಸೂಲು ನುಂಗಿಸಿದಳು. ಚೀಟಿಯನ್ನು ಮತ್ತೆ ಮತ್ತೆ ಓದಿದಳು; ಔಷಧದ ಹೆಸರು, ಹೊತ್ತು ಬಿಟ್ಟರೆ ಬೇರೇನೂ ಇರಲಿಲ್ಲ. ಸಿಳ್ಳು ಏರುತ್ತಲೇ ಹೋಯಿತು.

"ಸೂಜಿ ಹಾಕ್ಸೇ ತಾಯಿ. ನಿನ್ ಬಿ.ಎ. ನನ್ ಎದೆಗೆ ಗಾಳಿ ಕೊಡ್ತದಾ?"

"ಸಕ್ಕರೆ ಏರ್ತದೆ ಅತ್ತೆ."

"ಏರ್ಲಿ ಬಿಡು. ಸಿಹಿಯಾಗೇ ಸಾಯ್ತೀನಿ."

ಒಂದು ಮಧ್ಯಾಹ್ನ ಅತ್ತೆಗೆ ಬೈಯಲೂ ಉಸಿರು ಸಾಲಲಿಲ್ಲ. ನಾಗವೇಣಿ ಸೋತಳು. ದೇವರ ಗೂಡಿನ ಡಬ್ಬಿಯೂ ಸೇರಿ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ, ಆಟೋ ಹತ್ತಿಸಿ, ಓಣಿಯ ಡಾಕ್ಟರ ಕಡೆಗೇ ಹೊರಟಳು. ದಾರಿಯಲ್ಲಿ ಚೀಟಿಗೆಂದು ತಡಕಾಡಿದಾಗ ಔಷಧದ ಬಾಟಲಿಯ ಮುಚ್ಚಳ ಬಿಚ್ಚಿತ್ತು. ಕ್ಯಾಪ್ಸೂಲುಗಳು ಚೀಲದ ತುಂಬ ಚೆಲ್ಲಿದ್ದವು. ಒಂದು ಆ ಡಬ್ಬಿಯ ತೂತಿನಲ್ಲಿ ಸಿಕ್ಕಿಕೊಂಡಿತ್ತು, ಅಳತೆ ತೆಗೆದು ಹೊಲಿದ ಹಾಗೆ.

ಇದು ನುಂಗುವುದಲ್ಲ, ಇದರೊಳಗಿಟ್ಟು ಎಳೆಯುವುದು! ನಾಗವೇಣಿ ಡಬ್ಬಿ ತಿರುಗಿಸಿದಳು. ಟಕ್ಕೆಂದು ಕ್ಯಾಪ್ಸೂಲು ಒಡೆದು ಒಳಗೆ ಪುಡಿ ಉದುರಿತು.

"ಅತ್ತೆ, ಎಳ್ಕಳಿ!"

ಗಂಗಕ್ಕನಿಗೆ ಎಳೆಯುವ ಶಕ್ತಿ ಎಲ್ಲಿತ್ತು? ಕೆಮ್ಮಿ ಒರಗಿದಳು.

"ಅಣ್ಣಾ, ಸರ್ಕಾರಿ ಆಸ್ಪತ್ರೆಗೆ ತಿರುಗ್ಸು!"

ಅಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಔಷಧದ ಹಬೆ ಹಾಯಿಸಿದರು. ಸಂಜೆಗೆ ಗಂಗಕ್ಕನ ಬಾಯಲ್ಲಿ ಬೈಗುಳ ಮರಳಿತು. ನರ್ಸು ಡಬ್ಬಿ ಹಿಡಿದು ಎಳೆಯುವ ಬಗೆ ಕಲಿಸಿದಳು.

"ಬಳ್ಳಾರ್ಯಾಗ ಹೇಳಿಲ್ಲೇನ್ರಿ?"

"ನಮ್ಮನೆಯವ್ರಿಗೆ ಹೇಳಿದ್ರು ಅನ್ಸುತ್ತೆ. ನಾನು ಸಾಲಲ್ಲಿದ್ದೆ."

"ಎಳೆದ ಮ್ಯಾಲೆ ಬಾಯಿ ಮುಕ್ಕಳಿಸಬೇಕ್ರಿ, ಮರೀಬ್ಯಾಡ್ರಿ."

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಮೆಶಿನ್ನುಗಳು ನಿಂತವು. ನಾಗವೇಣಿ ಕಿವಿಗೊಟ್ಟಳು. ಸಿಳ್ಳಿಲ್ಲ. ಏನೂ ಇಲ್ಲ. ಹೊಲಿಯುತ್ತಿದ್ದ ಪ್ಯಾಂಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು.

ಗಂಗಕ್ಕ ಗೋಡೆಗೊರಗಿ ಕೂತಿದ್ದಳು, ಡಬ್ಬಿ ಮಡಿಲಲ್ಲಿ.

"ಬದ್ಕಿವ್ನಿ ಕಣಮ್ಮಿ. ನೀರು ತಾ. ಮುಕ್ಕಳ್ಸಕ್ಕೆ... ನುಂಗ್ಸಕ್ಕಲ್ಲ!"

ನಾಗವೇಣಿ ಲೋಟ ಕೊಟ್ಟಳು. ಅತ್ತೆ ಮುಕ್ಕಳಿಸಿ ಉಗಿದಳು. ಮೆಶಿನ್ನುಗಳು ಮತ್ತೆ ಗುಡುಗಿದರೂ ಸೊಸೆ ಹೊರಗೆ ಹೋಗಲಿಲ್ಲ. ಆ ಎದೆ ಇನ್ನೊಮ್ಮೆ ಏರಿ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು.