ಅಟ್ಟೆಯ ಸಾಕ್ಷಿ

ನಾನು ಸುಳ್ಳು ಹೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಹತ್ತು ವಾರವೂ ಇದೇ ಒಂದು ಮಾತನ್ನು ತಲೆದಿಂಬು ಮಾಡಿಕೊಂಡು ನಾನು ನಿದ್ದೆ ಹೋದೆ. ಬಾಯಿಂದ ಒಂದು ಸುಳ್ಳೂ ಹೊರಬಿದ್ದಿಲ್ಲ. ಕೈ ಮಾಡಿದ್ದು ಬೇರೆ. ಕೈಯ ಪಾಪ ಕೈಗೆ, ಬಾಯಿಯ ಪಾಪ ಬಾಯಿಗೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಉಂಡ ಮನೆಗೆ ಎರಡು ಬಗೆಯುವವರೆಲ್ಲ ಇಂಥದ್ದೇ ಏನಾದರೂ ಒಂದು ತೀರ್ಪು ಬರೆದಿಟ್ಟುಕೊಂಡಿರುತ್ತಾರೆ.

ನಮ್ಮದು ಬೂಟು ಹೊಲಿಯುವ, ಹಳೆಯದನ್ನು ರಿಪೇರಿ ಮಾಡುವ ಅಂಗಡಿ. ಯಜಮಾನನನ್ನು ನಾನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವನಲ್ಲ. ಆದರೆ ಹನ್ನೊಂದು ವರ್ಷ ಒಂದೇ ಮೇಜಿನ ಆಚೆ ಈಚೆ ಕುಳಿತು ಒಂದೇ ಮೇಣದ ಉಂಡೆಗೆ ದಾರ ತಿಕ್ಕಿದ ಮೇಲೆ ಬೇರೆ ಏನೆಂದು ಕರೆಯುವುದು. ಅಣ್ಣ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ಮಾತೆಲ್ಲ ಅವನದು. ಗಿರಾಕಿಗಳು ನನಗೆ ಮೂಗಯ್ಯ ಎಂದು ಹೆಸರಿಟ್ಟಿದ್ದರು, ನಾನೂ ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಬಾಯಿ ಬಿಡಬೇಕಲ್ಲ.

ಅಣ್ಣನಿಗೆ ಒಂದು ವಿದ್ಯೆ ಇತ್ತು. ಯಾರದೇ ಬೂಟನ್ನು ಮಗುಚಿ ಅಟ್ಟೆ ನೋಡಿದರೆ ಸಾಕು, ಆ ಮನುಷ್ಯ ಎಲ್ಲೆಲ್ಲಿ ಓಡಾಡಿದ್ದಾನೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ದಪ್ಪ ಹೊಟ್ಟೆಯ ಗುಮಾಸ್ತನೊಬ್ಬ ಬಂದಿದ್ದ.

"ನೀವು ಆಫೀಸಿಗೆ ಲಿಫ್ಟಲ್ಲಿ ಹೋಗ್ತೀರಿ, ಬರ್ತಾ ಮಾತ್ರ ಮೆಟ್ಟಿಲಿಳಿದು ಓಡ್ತೀರಿ" ಅಂದ ಅಣ್ಣ.

"ಯಾರು ಹೇಳಿದ್ರು ನಿಮಗೆ?"

"ನಿಮ್ಮ ಹಿಮ್ಮಡಿ ಹೇಳ್ತಿದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತನೂ ನಕ್ಕ, ಆದರೆ ಬೂಟನ್ನು ಬೇಗ ಬೇಗ ಮುಚ್ಚಿಟ್ಟುಕೊಂಡ. ಜನ ಇದನ್ನು ತಮಾಷೆ ಎಂದುಕೊಂಡಿದ್ದರು. ಅಣ್ಣನಿಗೆ ಅದು ತಮಾಷೆಯಾಗಿರಲಿಲ್ಲ. "ಬಾಯಿಗೇನು, ಬೀಗ ಇಲ್ಲ, ಏನು ಬೇಕಾದ್ರೂ ಹೇಳತ್ತೆ. ಅಟ್ಟೆ ಹೋದ ಕಡೆ ಮಾತ್ರ ಹೇಳತ್ತೆ ಕಣೋ" ಎಂದು ನನಗೆ ಎಷ್ಟು ಸಲ ಹೇಳಿದ್ದಾನೋ. ಅವನು ಸ್ವತಃ ಸುಳ್ಳು ಹೇಳುತ್ತಿರಲಿಲ್ಲ. ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಕೊಡುತ್ತಿದ್ದ. ನಮ್ಮ ಕಸುಬಿನಲ್ಲಿ ಅಂಥವರು ಅಪರೂಪ.

ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಮೂರು ವರ್ಷ ನನ್ನ ಗಿರಾಕಿ. ಕಂದು ಬಣ್ಣದ, ಪಟ್ಟಿ ಇರುವ ಒಂದೇ ಜೋಡಿ ಬೂಟು ಅವಳದ್ದು, ಅದನ್ನೇ ಮತ್ತೆ ಮತ್ತೆ ತರುತ್ತಿದ್ದಳು. ನಾನು ಬೇಕೆಂದೇ ಸ್ವಲ್ಪ ತೆಳುವಾದ ದಾರ ಹಾಕುತ್ತಿದ್ದೆ, ಬೇಗ ಸವೆದರೆ ಬೇಗ ಬರುತ್ತಾಳೆ ಎಂದು. ಮೂರು ವರ್ಷದಲ್ಲಿ ನಾನು ಅವಳಿಗೆ ಹೇಳಿದ್ದು ಎರಡೇ ಮಾತು. ಒಂದು, ಗುರುವಾರ ಬನ್ನಿ. ಇನ್ನೊಂದು, ಆಯ್ತು ನೋಡಿ. ಮೂರನೆಯದನ್ನು ಹೇಳಬೇಕೆಂದು ಮನಸ್ಸಿನಲ್ಲಿ ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಕುಳಿತಿದ್ದಾಗ ನನಗೆ ಜ್ವರ ಬಂತು. ಒಂದು ವಾರ ಅಂಗಡಿಗೆ ಹೋಗಲಿಲ್ಲ. ಆ ವಾರ ಅವಳ ಬೂಟು ಅಣ್ಣನ ಕೈಗೆ ಹೋಯಿತು. ಅವನು ಅಟ್ಟೆ ನೋಡಿ, "ನೀವು ಕಿಟಕಿ ಹತ್ರ ತುಂಬಾ ಹೊತ್ತು ಒಂಟಿಕಾಲಲ್ಲಿ ನಿಂತ್ಕೊಂಡು ಓದ್ತೀರಿ" ಅಂದನಂತೆ. ಅವಳು ನಕ್ಕಳಂತೆ. ಮೂರು ತಿಂಗಳಲ್ಲಿ ಅವರಿಬ್ಬರ ಮದುವೆ ಮುಗಿಯಿತು.

ಮನಸ್ಸಿನಲ್ಲಿ ಏನೇನೋ ಹೆಸರಿಟ್ಟು ಕರೆಯುತ್ತಿದ್ದವಳನ್ನು ಮದುವೆಯ ಮರುದಿನದಿಂದ ಅತ್ತಿಗೆ ಎಂದು ಕರೆಯಬೇಕಾಯಿತು. ಕರೆದೆ. ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ, ಊಟ ಮಾಡಿದ ಮೇಲೆ ಜಾಸ್ತಿಯಾಗುತ್ತದೆ. ಅಣ್ಣ ಸುಖವಾಗಿದ್ದ. ನಲವತ್ತು ದಾಟಿದ ಗಂಡಸು ಕತ್ತರಿ ಹಿಡಿದು ಸಿಳ್ಳೆ ಹಾಕುವುದನ್ನು ಎದುರಿಗೆ ಕುಳಿತು ದಿನವೂ ಕೇಳಬೇಕು. ನನಗೆ ಅದೊಂದು ಸಹಿಸಲಾಗಲಿಲ್ಲ.

ನಮ್ಮ ಅಂಗಡಿಯಲ್ಲಿ ಚರ್ಮವನ್ನು ನೆಲದ ಮೇಲೆ ಹಾಸಿ ಗುರುತು ಹಾಕುವುದು. ಆದ್ದರಿಂದ ಯಾರೇ ಒಳಗೆ ಬರಲಿ, ಹೊರಗಿನ ಬೂಟನ್ನು ಬಾಗಿಲ ಹತ್ತಿರ ಬಿಟ್ಟು ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕು. ಅವಳು ಗ್ರಂಥಾಲಯ ಮುಗಿಸಿ ನಾಲ್ಕು ಗಂಟೆಗೆ ಬರುತ್ತಿದ್ದಳು, ಆರರವರೆಗೆ ಚೀಟಿ ಬರೆಯುತ್ತಾ, ಗುಂಡಿ ವಿಂಗಡಿಸುತ್ತಾ ಕುಳಿತು ಅಣ್ಣನ ಜೊತೆ ಮನೆಗೆ ಹೋಗುತ್ತಿದ್ದಳು. ಆ ಎರಡು ಗಂಟೆ ಕಂದು ಬೂಟು ಬಾಗಿಲ ಹತ್ತಿರ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಅಣ್ಣನೇ ಒರೆಸಿ ಪಾಲಿಶ್ ಹಾಕುತ್ತಿದ್ದ. ಹೆಂಡತಿಯ ಬೂಟಿಗೆ ಬೇರೆಯವರ ಕೈ ತಾಗಕೂಡದು ಎನ್ನುವುದು ಅವನ ಪ್ರೀತಿಯ ರೀತಿ.

ನಾನು ಮನೆಗೆ ಹೋಗುವ ದಾರಿಯಲ್ಲಿ ಕಲ್ಲು ಕೊರೆಯುವ ಒಂದು ಅಂಗಳವಿತ್ತು. ಅಮೃತಶಿಲೆಯ ಹಲಗೆಗಳ ಮೇಲೆ ಹೆಸರು ಕೆತ್ತುವ ಒಬ್ಬ ಕುಶಲಕರ್ಮಿ ಅದರ ಯಜಮಾನ. ಮೂವತ್ತರ ಆಸುಪಾಸಿನವನು, ಹೆಂಡತಿ ತೀರಿಕೊಂಡಿದ್ದಳು. ಓದುವ ಹುಚ್ಚಿದ್ದುದರಿಂದ ಗ್ರಂಥಾಲಯಕ್ಕೂ ಹೋಗುತ್ತಿದ್ದ, ಬೂಟಿಗೆ ನಮ್ಮ ಅಂಗಡಿಗೂ ಬರುತ್ತಿದ್ದ. ಅಂಗಳದ ಗೇಟಿನ ಹೊರಗೂ ಬಿಳಿ ಧೂಳು ಬಿದ್ದಿರುತ್ತಿತ್ತು. ಊರಿನಲ್ಲಿ ಬೇರೆ ಎಲ್ಲೂ ಅಂಥ ಧೂಳಿಲ್ಲ. ಒಂದು ಗುರುವಾರ ಅದನ್ನು ಒಂದು ಚಿಟಿಕೆ ಕಾಗದದಲ್ಲಿ ಮಡಚಿ ತಂದೆ. ಮರುದಿನ ಸಂಜೆ ನೀರು ತರುವ ನೆಪದಲ್ಲಿ ಬಾಗಿಲಿಗೆ ಹೋಗಿ, ಕಂದು ಬೂಟಿನ ಅಟ್ಟೆಯ ಹೊಲಿಗೆಯ ಸಂದಿಗೆ ಬ್ರಷ್‌ನಿಂದ ಕೂರಿಸಿದೆ. ಮೇಲೆ ಮೇಲೆ ಬಳಿದರೆ ಅಣ್ಣ ಹಿಡಿದುಬಿಡುತ್ತಾನೆ. ನಡೆದು ನಡೆದು ಸೇರಿಕೊಂಡ ಧೂಳು ಎಲ್ಲಿ ಕೂರುತ್ತದೆ ಎಂದು ಅವನೇ ನನಗೆ ಕಲಿಸಿದ್ದ. ಆಮೇಲೆ ಪ್ರತಿ ಶುಕ್ರವಾರವೂ ಇದೇ ಕೆಲಸ.

ಮೊದಲ ಭಾನುವಾರ ಏನೂ ಆಗಲಿಲ್ಲ. ಸೋಮವಾರವೂ ಅಣ್ಣ ಸಿಳ್ಳೆ ಹಾಕಿದ. ಮೂರನೆಯ ವಾರ ಸಿಳ್ಳೆ ನಿಂತಿತು. ಐದನೆಯ ವಾರ, ಅವಳಿನ್ನೂ ಬಂದಿರದ ಒಂದು ಮಧ್ಯಾಹ್ನ, ಅಣ್ಣ ಕತ್ತರಿ ಕೆಳಗಿಟ್ಟು ಕೇಳಿದ.

"ಕಲ್ಲಿನ ಅಂಗಳ ನಿನ್ನ ದಾರೀಲೇ ಅಲ್ವೇನೋ ಇರೋದು?"

"ಹೌದು."

"ಆ ಕೆತ್ತೋನು ಹೇಗೆ ಮನುಷ್ಯ?"

"ಒಳ್ಳೆಯವನೇ ಅಣ್ಣ. ಪುಸ್ತಕ ಅಂದ್ರೆ ಪ್ರಾಣ ಅವನಿಗೆ."

ಇದರಲ್ಲಿ ಸುಳ್ಳೇನಿದೆ? ಅಣ್ಣ ತಲೆಯಾಡಿಸಿ ಮತ್ತೆ ಕತ್ತರಿ ಎತ್ತಿಕೊಂಡ. ಅವತ್ತು ಅವನು ಒಳ್ಳೆಯ ಚರ್ಮವೊಂದನ್ನು ಅಳತೆ ತಪ್ಪಿ ಕತ್ತರಿಸಿದ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ನನಗೆ ಅಯ್ಯೋ ಅನಿಸಿತು, ಚರ್ಮಕ್ಕಾಗಿ. ಅಣ್ಣನಿಗಾಗಿ ಅನಿಸಬೇಕಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಅಣ್ಣ ಪ್ರಮಾಣಿಸುತ್ತಲೇ ಇದ್ದ ಪಾಪ. ಭಾನುವಾರ ಮಾತ್ರ ನೋಡುತ್ತಿದ್ದ ಬೂಟನ್ನು ದಿನವೂ ಬೆಳಿಗ್ಗೆ ನೋಡತೊಡಗಿದ. ನಾನೂ ನನ್ನ ಕೆಲಸ ಹೆಚ್ಚಿಸಿಕೊಂಡೆ. ಅವಳನ್ನು ಮಾತ್ರ ಅವನು ಏನೂ ಕೇಳಲಿಲ್ಲ. ಕೇಳಿದರೆ ಬಾಯಿ ಉತ್ತರ ಕೊಡುತ್ತದೆ, ಬಾಯಿಯನ್ನು ಅವನು ನಂಬುತ್ತಿರಲಿಲ್ಲ. ಅವಳು ಎರಡು ಮೂರು ಸಲ, "ಮೈ ಹುಷಾರಿಲ್ವಾ ನಿಮಗೆ?" ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು. ಏನಿಲ್ಲ ಎಂದ. ಅವನು ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ಹತ್ತನೆಯ ವಾರದ ಶುಕ್ರವಾರ, ಗಂಟೆ ಆರಾಗುತ್ತಿತ್ತು. ಅವಳು ಮನೆಗೆ ಹೊರಡಲು ಎದ್ದಳು. ಅಣ್ಣ ಬಾಗಿಲಿಗೆ ಹೋಗಿ ಅವಳ ಬೂಟು ತಂದು, ಮೇಜಿನ ಮೇಲೆ ಕರಿಯ ಚರ್ಮದ ತುಂಡೊಂದನ್ನು ಹಾಸಿ, ಅದರ ಮೇಲೆ ಹಿಮ್ಮಡಿ ತಟ್ಟಿದ. ಬಿಳಿ ಪುಡಿ ಉದುರಿತು. ನಾನು ನನ್ನ ಜಾಗದಲ್ಲಿ ಹೊಲಿಯುತ್ತಾ ಕುಳಿತಿದ್ದೆ.

"ಇದೇನು?"

"ಧೂಳು" ಅಂದಳು ಅವಳು, ನಗುತ್ತಾ.

"ಎಲ್ಲೀದು?"

"ರಸ್ತೇದು, ಇನ್ನೆಲ್ಲೀದು."

"ಇಲ್ಲಿಂದ ಗ್ರಂಥಾಲಯದವರೆಗೂ ರಸ್ತೆ ಧೂಳು ಕಂದು. ಇದು ಕಲ್ಲಿನ ಅಂಗಳದ್ದು. ಎರಡು ತಿಂಗಳಿಂದ ಇದೆ."

ಅವಳ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅರ್ಥವಾಗುತ್ತಾ ಆಗುತ್ತಾ ಸ್ವಲ್ಪ ಸ್ವಲ್ಪವಾಗಿ ಹೋಯಿತು.

"ಎರಡು ತಿಂಗಳಿಂದ ನೋಡ್ತಾ ಇದೀರಾ ನೀವು? ನನ್ನ ಹತ್ರ ಒಂದು ಮಾತು ಕೇಳದೆ?"

ಅಣ್ಣ ಹಿಮ್ಮಡಿಯನ್ನು ಇನ್ನೊಮ್ಮೆ ತಟ್ಟಿದ.

"ನಾನು ಆ ಕಡೆ ಕಾಲೇ ಇಟ್ಟಿಲ್ಲ."

"ಅಟ್ಟೆ ಸುಳ್ಳು ಹೇಳಲ್ಲ" ಅಂದ ಅಣ್ಣ. ದನಿ ಏರಿಸಲಿಲ್ಲ, ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ.

"ಹಾಗಾದ್ರೆ ನಾನು ಹೇಳ್ತೀನಾ?"

ಅಣ್ಣ ಬೂಟಿನ ಕಡೆ ನೋಡಿದ. ಅವಳು ನನ್ನ ಕಡೆ ತಿರುಗಿದಳು. "ನೀವು ದಿನಾ ಇಲ್ಲೇ ಇರ್ತೀರಲ್ಲ. ನೀವಾದ್ರೂ ಹೇಳಿ. ನಾನು ಇನ್ನೆಲ್ಲಿಗಾದ್ರೂ ಹೋಗೋದನ್ನ ನೀವು ಯಾವತ್ತಾದ್ರೂ ನೋಡಿದೀರಾ?"

"ನಾನು ಅಂಗಡಿ ಒಳಗೇ ಇರೋನು ಅತ್ತಿಗೆ. ಹೊರಗಿನದು ನಂಗೇನು ಗೊತ್ತಾಗತ್ತೆ" ಅಂದೆ.

ಅದೂ ಸುಳ್ಳಲ್ಲ. ನನ್ನ ಜೀವನದಲ್ಲಿ ನಾನಾಡಿದ ಅತ್ಯಂತ ಕೆಟ್ಟ ಮಾತು ಅದು. ಅವಳು ಬಟ್ಟೆಯ ಚಪ್ಪಲಿಯಲ್ಲೇ ರಸ್ತೆಗಿಳಿದು ಅಕ್ಕನ ಮನೆಯ ಕಡೆ ನಡೆದುಬಿಟ್ಟಳು. ಅಣ್ಣ ತಡೆಯಲಿಲ್ಲ.

ಆಮೇಲೆ ಎಲ್ಲ ನಾನು ಅಂದುಕೊಂಡ ಹಾಗೇ ಆಯಿತು. ಅವಳಿಲ್ಲದ ಮನೆ, ಸಿಳ್ಳೆಯಿಲ್ಲದ ಅಂಗಡಿ. ಇಪ್ಪತ್ತು ದಿನ ಕಾದೆ. ನನಗೆ ನಾಚಿಕೆ ಎನ್ನುವುದು ಇರಲಿಲ್ಲ. ಆ ಮೂರನೆಯ ಮಾತನ್ನು ಮತ್ತೆ ಹೊಲಿದು ಸಿದ್ಧ ಮಾಡಿಕೊಂಡು, ಒಂದು ಶನಿವಾರ ತಲೆ ಬಾಚಿ, ಅವಳ ಕೆಲಸ ಮುಗಿಯುವ ಹೊತ್ತಿಗೆ ಗ್ರಂಥಾಲಯಕ್ಕೆ ಹೋದೆ. ಅವಳು ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಳು, ಮುಖ ಇಳಿದಿತ್ತು. ನನ್ನನ್ನು ನೋಡಿದ ಕೂಡಲೇ ಮುದ್ರೆ ಕೆಳಗಿಟ್ಟು ಕೇಳಿದಳು.

"ಊಟ ಮಾಡ್ತಾರಾ ಅವರು?"

ನನ್ನ ಮೂರನೆಯ ಮಾತು ಅಲ್ಲೇ ಸತ್ತಿತು. ಅವಳು ನನ್ನ ಮುಖ ನೋಡುತ್ತಿದ್ದಳು, ಆದರೆ ಅದರಲ್ಲಿ ಹುಡುಕುತ್ತಿದ್ದುದು ಅಣ್ಣನ ಸುದ್ದಿಯನ್ನು. ನಾನು ಯಾರನ್ನು ಬೇರೆ ಮಾಡಿದ್ದೆನೋ ಅವರು ಬೇರೆಯಾಗಿಯೇ ಇರಲಿಲ್ಲ. "ಇಲ್ಲ ಅತ್ತಿಗೆ, ಸರಿಯಾಗಿ ಮಾಡಲ್ಲ" ಎಂದೆ. ಅವಳ ಕಣ್ಣು ತುಂಬಿತು. ನಾನು ಅಲ್ಲಿಂದ ಸೀದಾ ಅಂಗಡಿಗೆ ಬಂದು, ಬಾಗಿಲು ಎಳೆದುಕೊಂಡು, ಅಣ್ಣನಿಗೆ ಎಲ್ಲ ಹೇಳಿದೆ.

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಯಾಕೋ?" ಅಂದ.

"ಅವರು ನನ್ನ ಗಿರಾಕಿ ಆಗಿದ್ರು" ಅಂದೆ. ಅಷ್ಟೇ ಬಂತು ಬಾಯಿಗೆ.

ಅಣ್ಣ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ನಂಗೊಂದು ಮಾತು ಹೇಳಬಹುದಿತ್ತಲ್ಲೋ" ಅಂದ. ಆಮೇಲೆ ಎದ್ದು ಅಂಗಿ ಸರಿಮಾಡಿಕೊಂಡ. "ನಡಿ. ಇದನ್ನೇ ಅವಳ ಮುಂದೆ ಹೇಳು." ದಾರಿಯುದ್ದಕ್ಕೂ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದ. ಅವನ ನಡಿಗೆಯಲ್ಲಿ ಆತುರವಿತ್ತು, ಆಸೆಯಿತ್ತು. ಹೋದ ಜೀವ ಬಂದವನ ಹಾಗಿದ್ದ. ನನ್ನನ್ನು ಬೇಕಾದರೆ ಊರು ಬಿಡಿಸಲಿ, ಅವಳು ಮನೆಗೆ ಬಂದರೆ ಸಾಕು ಎಂದು ನಾನೂ ಮನಸಾರೆ ಬೇಡಿಕೊಂಡೆ.

ಅವಳ ಅಕ್ಕನ ಮನೆ ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಸೋಪಿನ ವಾಸನೆ. ಅವಳೇ ಬಾಗಿಲು ತೆರೆದಳು, ಹೊಸ್ತಿಲಲ್ಲೇ ನಿಂತಳು. ನಾನು ತಲೆ ತಗ್ಗಿಸಿ ಹೇಳಿದೆ. ಕಾಗದದ ಪೊಟ್ಟಣ, ಬ್ರಷ್, ಹತ್ತು ವಾರ, ಒಂದನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿದಳು. ನನಗೆ ಒಂದು ಮಾತೂ ಅನ್ನಲಿಲ್ಲ, ಬೈಗುಳಕ್ಕೂ ನಾನು ಲಾಯಕ್ಕಾಗಲಿಲ್ಲ.

"ಎಲ್ಲಾ ಗೊತ್ತಾಯ್ತಲ್ಲ" ಅಂದ ಅಣ್ಣ. "ನಂದು ತಪ್ಪಾಯ್ತು. ಬಾ, ಮನೆಗೆ ಹೋಗೋಣ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಬರುತ್ತಾಳೆ ಎಂದೇ ನಾನು ಅಂದುಕೊಂಡೆ.

"ಒಂದು ಮಾತು ಕೇಳ್ತೀನಿ" ಅಂದಳು. "ಅವತ್ತು ನಾನು ಹೋಗಿಲ್ಲ ಅಂದೆ. ನೀವು ನಂಬಲಿಲ್ಲ. ಇವತ್ತು ಇವರು ಹೇಳಿದ್ರು, ನಂಬಿದ್ರಿ. ನಾಳೆ ಇವರೇ ಬಂದು, 'ನೀವು ಕೊರಗೋದು ನೋಡಕ್ಕಾಗ್ದೆ ತಪ್ಪನ್ನ ಸುಮ್ನೆ ನನ್ನ ಮೇಲೆ ಹಾಕ್ಕೊಂಡೆ ಅಣ್ಣ, ನಾನೇನೂ ಮಾಡಿಲ್ಲ' ಅಂದ್ರೆ, ಆಗ?"

ಅವಳು ಜಗಳಕ್ಕೆ ಕೇಳಲಿಲ್ಲ. ಅವಳಿಗೆ ಉತ್ತರ ಬೇಕಿತ್ತು, ಕಾಯುತ್ತಿದ್ದಳು. ಆಗಲೂ ನಿನ್ನನ್ನೇ ನಂಬುತ್ತೇನೆ ಎಂದು ಅಣ್ಣ ಒಂದು ಮಾತು ಅಂದಿದ್ದರೆ ಸಾಕಿತ್ತು. ಸುಳ್ಳಾದರೂ ಸರಿ, ಅಂದುಬಿಡಬೇಕಿತ್ತು. ಸುಳ್ಳು ಹೇಳದ ಮನುಷ್ಯ ಅವನು, ಯೋಚನೆಗೆ ಬಿದ್ದ. ಯೋಚಿಸುತ್ತಾ ಯೋಚಿಸುತ್ತಾ, ತನಗೇ ಗೊತ್ತಿಲ್ಲದ ಹಾಗೆ, ನನ್ನ ಕಡೆ ತಿರುಗಿ, ನಾನು ಹೇಳಿದ್ದು ನಿಜವೋ ಎಂದು ನನ್ನ ಮುಖವನ್ನು ಪರೀಕ್ಷಿಸಿ ನೋಡಿದ.

ಅವಳು ಅದನ್ನು ಕಂಡಳು. "ಹೊತ್ತುಹೊತ್ತಿಗೆ ಊಟ ಮಾಡಿ" ಎಂದು ಅವನಿಗೆ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.