ಮುಚ್ಚಳದ ಮೇಲಿನ ಅಂಗೈ

ಪಿತ್ತಕೋಶದ ಕಲ್ಲು ತೆಗೆಯಲೇಬೇಕು ಎಂದು ಡಾಕ್ಟರು ಹೇಳಿ ವಾರವಾಗಿತ್ತು. ಇನೋಯತ್ ಮುದುಕಿ ಮಾತ್ರ ಒಲ್ಲೆ ಎಂದರೆ ಒಲ್ಲೆ. ರೇಷ್ಮೆಗೆ ಹೆಸರಾದ ಮರ್ಗಿಲಾನ್ ಪಟ್ಟಣದ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೋವು ಬಂದಾಗ ಹಲ್ಲು ಕಚ್ಚುತ್ತಿದ್ದಳೇ ಹೊರತು ಪಟ್ಟು ಬಿಡುತ್ತಿರಲಿಲ್ಲ.

"ನಿದ್ದೆ ಬರೋ ಹಾಗೆ ಮಾಡ್ತಾರಂತೆ ಅಮ್ಮಾ. ಏನೂ ಗೊತ್ತಾಗಲ್ಲ," ಎಂದಳು ಸೊಸೆ ಮುನಿಸಾ.

"ರೇಷ್ಮೆಹುಳದ ವಿಷಯದಲ್ಲಿ ನಾವೂ ಇದನ್ನೇ ಹೇಳ್ತಿದ್ವಿ ಕಣೆ. ಒಳಗೆ ನಿದ್ದೆ ಮಾಡ್ತಿವೆ, ಏನೂ ಗೊತ್ತಾಗಲ್ಲ ಅಂತ. ಹಾಗೆ ಹೇಳೋರು ಯಾವಾಗ್ಲೂ ಹೊರಗಿರೋರೇ. ಒಳಗೆ ನನಗೆ ನೋವಾದ್ರೆ ಯಾರಿಗೆ ತಿಳಿಯುತ್ತೆ?"

ಮುದುಕಿ ಹಳೆಯದನ್ನು ಹೇಳತೊಡಗಿದಳು. ಎಂಥ ವಸಂತಗಳವು. ಹೊಸ ಸೊಸೆಯಾಗಿ ಬಂದ ವರ್ಷ ಅತ್ತೆ ತೋಜಿಖಾನ್ ರೇಷ್ಮೆಮೊಟ್ಟೆಯ ಪುಟ್ಟ ಬಟ್ಟೆಚೀಲವನ್ನು ಇನೋಯತಳ ಎದೆಗೆ ಕಟ್ಟಿದ್ದಳು, ಮೈಶಾಖಕ್ಕೆ ಮರಿಯಾಗಲಿ ಎಂದು. ಓಡುವಂತಿಲ್ಲ, ಜಗಳವಾಡುವಂತಿಲ್ಲ, ಬೆಳ್ಳುಳ್ಳಿ ಮುಟ್ಟುವಂತಿಲ್ಲ. "ನನ್ನ ಮೇಲೂ ಇಷ್ಟು ಅಕ್ಕರೆ ಇಲ್ಲ ಇವಳಿಗೆ," ಎಂದು ಗಂಡ ಗೊಣಗುತ್ತಿದ್ದ. ಮರಿಗಳು ಬೆಳೆದವೋ, ಮನೆಯ ಒಳ್ಳೆಯ ಕೋಣೆ ಅವಕ್ಕೇ. ಮನೆಮಂದಿಯೆಲ್ಲ ಅಂಗಳದ ಏಪ್ರಿಕಾಟ್ ಮರದ ಕೆಳಗೆ. ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳುತ್ತ ಅತ್ತೆ ಸೊಸೆ ಪಿಸುದನಿಯಲ್ಲಿ ಊರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಅಂಥ ಸುಖ ಅವಳಿಗೆ ಮತ್ತೆ ಸಿಗಲೇ ಇಲ್ಲ.

ಗೂಡು ಕಟ್ಟಿದ ಮೇಲೆ ಆ ದಿನ ಬಂತು. ಪತಂಗ ಗೂಡು ಕೊರೆದು ಬಂದರೆ ನೂಲು ಹಾಳು. ಅದಕ್ಕೇ ಕುದಿಯುವ ಕಡಾಯಿಯ ಮೇಲೆ ಗೂಡಿನ ಬುಟ್ಟಿ ಇಟ್ಟು ಮುಚ್ಚಳ ಹಾಕಿದರು. ಆವಿ ಏರಿದಂತೆ ಒಳಗೆ ಸರಬರ ಸದ್ದು. ಮನೆಯವರೆಲ್ಲ ಏನೋ ನೆಪ ಹೇಳಿ ಜಾಗ ಖಾಲಿ ಮಾಡಿದರು. ಅತ್ತೆ ಮಾತ್ರ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಳು.

"ಅವಕ್ಕೆ ನೋವಾಗುತ್ತಾ ಅಮ್ಮಾ?" ಎಂದು ಇನೋಯತ್ ಕೇಳಿದಳು.

"ಯಾರಿಗೆ ಗೊತ್ತು ತಾಯಿ. ಎದೆ ಮೇಲೆ ಹೊತ್ತೋರು ಈಗ ಬಿಟ್ಟು ಓಡಬಾರದು. ನನಗೆ ಗೊತ್ತಿರೋದು ಅಷ್ಟೇ."

ಸದ್ದು ನಿಲ್ಲುವವರೆಗೂ ಅವಳು ಕೈ ತೆಗೆಯಲಿಲ್ಲ. ಕೆಂಪಾದ ಆ ಅಂಗೈಗೆ ಇನೋಯತ್ ಮೊಸರು ಹಚ್ಚಿದಳು. ಮರುವರ್ಷದಿಂದ ಮುಚ್ಚಳದ ಮೇಲೆ ಇಬ್ಬರ ಕೈಯೂ ಇರುತ್ತಿತ್ತು.

ಇದನ್ನೆಲ್ಲ ಕೇಳಿ ಮುನಿಸಾ ಮುದುಕಿಯ ಹೊದಿಕೆ ಸರಿಮಾಡಿದಳು.

"ನಾನೂ ಬರ್ತೀನಿ ನಿಮ್ಮ ಜೊತೆ."

"ಒಳಗೆ ಬಿಡಲ್ವೇ, ಹುಚ್ಚಿ."

"ಬಾಗಿಲ ಮೇಲೆ ಕೈ ಇಟ್ಟು ನಿಂತಿರ್ತೀನಿ. ನೀವು ಆಚೆ ಬರೋವರೆಗೂ ತೆಗೆಯಲ್ಲ."

"ಕೈ ನೋಯುತ್ತೆ."

"ನೋಯಲಿ ಬಿಡಿ."

ಮುದುಕಿ ಈ ಕಡೆ ಹೊರಳಿ ಸೊಸೆಯ ಮುಖ ನೋಡಿದಳು. ಇವಳನ್ನು ಮನೆಗೆ ತಂದ ದಿನ ಅಡುಗೆ ಬರುವುದಿಲ್ಲವೆಂದು ಮೂಗು ಮುರಿದದ್ದು ನೆನಪಾಗಿ ನಾಚಿಕೆಯಾಯಿತು.

"ಹೋಗು, ಡಾಕ್ಟರಿಗೆ ಹೇಳು," ಎಂದಳು.

ಮರುದಿನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮುಖಕ್ಕೆ ಅರಿವಳಿಕೆಯ ಮಾಸ್ಕ್ ಇಡುವ ಮುನ್ನ ಇನೋಯತ್ ಕತ್ತು ತಿರುಗಿಸಿದಳು. ಬಾಗಿಲಿನ ಮಸುಕು ಗಾಜಿನಾಚೆ ಒಂದು ಅಂಗೈ ಒತ್ತಿಕೊಂಡಿತ್ತು. ಅವಳು ಕಣ್ಣು ಮುಚ್ಚಿದಳು.